ಅಲುಗದ ದೇಹ, ಉತ್ತರಿಸುವ ಮಿದುಳು

ಕೇಳುಗರಿಗೆ ನಮಸ್ಕಾರ.

ತಲೆಗೆ ಪೆಟ್ಟು ಬಿದ್ದು ಕೋಮಾಕ್ಕೆ ಹೋದವರು ಕೆಲವು ವಾರಗಳ ಮೇಲೆ ಕಣ್ಣು ಬಿಡುವುದುಂಟು. ಮನೆಯವರಿಗೆ ಹೋದ ಜೀವ ಬಂದಂತಾಗುತ್ತದೆ. ಆದರೆ ಕರೆದರೆ ಓಗೊಡುವುದಿಲ್ಲ, ಕೈ ಹಿಡಿದರೆ ಒತ್ತುವುದಿಲ್ಲ. ವೈದ್ಯರು ಇದನ್ನು ವೆಜಿಟೇಟಿವ್ ಸ್ಟೇಟ್ ಎನ್ನುತ್ತಾರೆ. ಅರಿವೇ ಇಲ್ಲ ಅಂತ ನಾವೆಲ್ಲ ತೀರ್ಮಾನಿಸಿಬಿಡುತ್ತೇವೆ, ಅಲ್ವಾ?

ಇಂಗ್ಲೆಂಡಿನಲ್ಲಿ ಅಪಘಾತದಿಂದ ಹೀಗೇ ಮಲಗಿದ್ದ 23 ವರ್ಷದ ಯುವತಿಯೊಬ್ಬಳಿದ್ದಳು. ಕೇಂಬ್ರಿಡ್ಜ್‌ನಲ್ಲಿ ನರವಿಜ್ಞಾನಿ ಏಡ್ರಿಯನ್ ಓವೆನ್ ಮತ್ತು ಜೊತೆಗಾರರು ಆಕೆಯನ್ನು, ಮಿದುಳಿನ ಯಾವ ಭಾಗ ಚುರುಕಾಗಿದೆ ಎಂದು ತೋರಿಸುವ ಎಂಆರ್‌ಐ ಸ್ಕ್ಯಾನರ್‌ನಲ್ಲಿ ಮಲಗಿಸಿ, ಟೆನಿಸ್ ಆಡುತ್ತಿರುವ ಹಾಗೆ ಊಹಿಸಿಕೊ ಎಂದರು. ದೇಹ ಅಲುಗಲಿಲ್ಲ. ಆದರೆ ಕೈಕಾಲು ಆಡಿಸಲು ಸಜ್ಜಾಗುವ ಮಿದುಳಿನ ಭಾಗ ಚುರುಕಾಯಿತು. ನಿನ್ನ ಮನೆಯೊಳಗೆ ಓಡಾಡುತ್ತಿರುವ ಹಾಗೆ ಊಹಿಸಿಕೊ ಎಂದಾಗ, ಜಾಗ ಗುರುತಿಸುವ ಬೇರೆಯದೇ ಭಾಗ. ಟೆನಿಸ್ ಎಂಬ ಮಾತು ಕಿವಿಗೆ ಬಿದ್ದದ್ದಕ್ಕೆ ಮಿದುಳು ಸುಮ್ನೆ ಮಿನುಗಿರಬಹುದು ಅಂತ ವಾದಿಸಿದವರೂ ಇದ್ದರು. ಆದರೆ ಅದು ಕ್ಷಣದ ಮಿನುಗಲ್ಲ. ಪ್ರತಿ ಸಲವೂ ಅರ್ಧ ನಿಮಿಷ ಹಾಗೇ ನಿಲ್ಲುತ್ತಿತ್ತು. 2006ರಲ್ಲಿ ಈ ಸುದ್ದಿ ಪ್ರಕಟವಾಯಿತು.

ಮುಂದಿನ ಹೆಜ್ಜೆ ಇನ್ನೂ ಜಾಣತನದ್ದು: ಪ್ರಶ್ನೆ ಕೇಳಿ ಉತ್ತರ ಪಡೆಯುವುದು. ಮನಸ್ಸಿನಲ್ಲೇ 'ಹೌದು' ಅಂದರೂ 'ಇಲ್ಲ' ಅಂದರೂ ಸ್ಕ್ಯಾನರ್‌ಗೆ ಅದು ಬೇರೆ ಬೇರೆಯಾಗಿ ಕಾಣುವುದಿಲ್ಲ. ಅದಕ್ಕೇ ಹೌದಾದರೆ ಟೆನಿಸ್ ಆಡು, ಇಲ್ಲವಾದರೆ ಮನೆಯಲ್ಲಿ ಓಡಾಡು ಎಂದರು. 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕೇಂಬ್ರಿಡ್ಜ್ ಮತ್ತು ಬೆಲ್ಜಿಯಂನ ಲಿಯೇಜ್‌ನ ಒಟ್ಟು 54 ರೋಗಿಗಳಿದ್ದರು. ಐವರು ಹೀಗೆ ಹೇಳಿದಾಗ ಹೇಳಿದ್ದನ್ನು ಊಹಿಸಿಕೊಂಡರು. ಅವರಲ್ಲೊಬ್ಬ, ತನ್ನ ಬದುಕಿನ ಬಗ್ಗೆ ಕೇಳಿದ ಆರು ಪ್ರಶ್ನೆಗಳಲ್ಲಿ ಐದಕ್ಕೆ ಸರಿಯಾದ ಉತ್ತರ ಕೊಟ್ಟ.

ಸ್ಕ್ಯಾನರ್ ಭಾರಿ ದುಬಾರಿ. ಮೈಯಲ್ಲಿ ಕೆಲವು ಬಗೆಯ ಲೋಹ ಇದ್ದವರನ್ನು ಒಳಗೆ ಬಿಡುವಂತೆಯೂ ಇಲ್ಲ. ಹಾಗಾಗಿ ತಲೆಗೆ ಟೋಪಿಯಂತೆ ತೊಡಿಸಿ ಮಿದುಳಿನ ವಿದ್ಯುತ್ ಅಲೆಗಳನ್ನು ಅಳೆಯುವ ಇಇಜಿಯಿಂದ, ಹಾಸಿಗೆಯ ಪಕ್ಕದಲ್ಲೇ ಈ ಕೆಲಸ ಮಾಡುವ ಪ್ರಯತ್ನ ನಡೆದಿದೆ.

2024ರಲ್ಲಿ ಹಲವು ದೇಶಗಳ ಆಸ್ಪತ್ರೆಗಳು ಸೇರಿ ಮಾಡಿದ ಅಧ್ಯಯನ ಬಂತು. ಹೇಳಿದ್ದಕ್ಕೆ ದೇಹದಿಂದ ಯಾವ ಪ್ರತಿಕ್ರಿಯೆಯೂ ತೋರಿಸದ 241 ರೋಗಿಗಳಲ್ಲಿ 60 ಮಂದಿಯ ಮಿದುಳು ಸ್ಕ್ಯಾನರ್ ಅಥವಾ ಇಇಜಿಯಲ್ಲಿ ಓಗೊಟ್ಟಿತು. ನಾಲ್ವರಲ್ಲೊಬ್ಬರು! ಎಲ್ಲ ಪತ್ರಿಕೆಗಳೂ ಬರೆದದ್ದು ಇದನ್ನೇ. ನನಗೆ ಜಾಸ್ತಿ ಮುಖ್ಯ ಅನ್ನಿಸುವುದು ಅದೇ ಅಧ್ಯಯನದ ಇನ್ನೊಂದು ಲೆಕ್ಕ. ಹೇಳಿದ್ದನ್ನು ಕಣ್ಣೆದುರೇ ಮಾಡಿ ತೋರಿಸುತ್ತಿದ್ದ 112 ರೋಗಿಗಳೂ ಅದರಲ್ಲಿದ್ದರು. ಅವರ ಪೈಕಿ ಯಂತ್ರ ಹಿಡಿದದ್ದು 43 ಮಂದಿಯನ್ನು ಮಾತ್ರ. ನಿದ್ದೆ, ಔಷಧಿಯ ಮಂಪರು, ಗಮನ ನಿಲ್ಲದಿರುವುದು, ಏನು ಬೇಕಾದರೂ ಅಡ್ಡ ಬರಬಹುದು. ಅಂದರೆ ಯಂತ್ರ 'ಇದೆ' ಅಂದರೆ ನಂಬಬಹುದು. ಅದು ಸುಮ್ಮನಿದ್ದ ಮಾತ್ರಕ್ಕೆ ಅರಿವು ಇಲ್ಲ ಅಂತಲ್ಲ. ಆ ಒಂದು ವರದಿ ಹಿಡಿದು ಚಿಕಿತ್ಸೆ ನಿಲ್ಲಿಸುವ ಮಾತಾಡುವುದು ತಪ್ಪು.

ಇನ್ನು, ಏನು ಕೇಳಬೇಕು? ಕೆನಡಾದಲ್ಲಿ ಹನ್ನೆರಡು ವರ್ಷಗಳಿಂದ ಹೀಗೇ ಇದ್ದ ಒಬ್ಬರನ್ನು 2012ರಲ್ಲಿ ಓವೆನ್ ತಂಡ ಕೇಳಿದ್ದು, 'ನಿಮಗೆ ನೋವಾಗುತ್ತಿದೆಯಾ?' ಎಂದು. ಉತ್ತರ 'ಇಲ್ಲ' ಎಂದು ಬಂತು. 'ಬದುಕಬೇಕಾ, ಬೇಡವಾ' ಎಂಬ ಪ್ರಶ್ನೆಯನ್ನು ಟೆನಿಸ್ ಮತ್ತು ಮನೆಯ ನಡುವೆ ಇಡಲು, ನನ್ನ ಮಟ್ಟಿಗೆ, ಇನ್ನೂ ಯಾರಿಗೂ ಹಕ್ಕಿಲ್ಲ.

ನಮಸ್ಕಾರ.