ಬೆಲ್ ಪೂಲ್: ನೆಪೋಲಿಯನ್‌ನನ್ನ ಊರಿಗೆ ತಂದ ಹಡಗು

ಇದು ಶೆರ್ಬೂರ್, ಫ್ರಾನ್ಸ್‌ನ ಉತ್ತರ ಕರಾವಳಿ. ಕುದುರೆ ಮೇಲೆ ಕೂತು ಸಮುದ್ರದ ಕಡೆ ಕೈ ತೋರಿಸ್ತಿದಾನಲ್ಲ ನೆಪೋಲಿಯನ್, ಎಲ್ರೂ ಇಲ್ಲಿ ಫೋಟೋ ತೆಗೆಸ್ಕೊಂಡು ಹೋಗ್ತಾರೆ, ಆದ್ರೆ ನಾನು ಬಂದಿರೋದು ಅವನ ಶವಪೆಟ್ಟಿಗೆ ಹೊತ್ತು ತಂದ ಹಡಗಿಗೋಸ್ಕರ. ಬೆಲ್ ಪೂಲ್ ಅಂತ, 60 ಫಿರಂಗಿಯ ಫ್ರಿಗೇಟ್ ಅನ್ನೋ ಥರದ ಯುದ್ಧದ ಹಡಗು, 1834ರಲ್ಲಿ ಇದೇ ಊರಲ್ಲಿ ನೀರಿಗಿಳೀತು.

1821ರಲ್ಲಿ ಸತ್ತಾಗಿಂದ ನೆಪೋಲಿಯನ್ ದೇಹ, ಬ್ರಿಟಿಷರು ಅವನನ್ನ ಸೆರೆ ಇಟ್ಟಿದ್ದ ಸೇಂಟ್ ಹೆಲೆನಾ ದ್ವೀಪದಲ್ಲೇ ಇತ್ತು. ಬ್ರಿಟಿಷರು ಕೊಡೋಕೆ ಒಪ್ಪಿದ ಮೇಲೆ ಫ್ರಾನ್ಸ್‌ನ ರಾಜ ಲೂಯಿ ಫಿಲಿಪ್ ತನ್ನ ಮಗ ಜ್ವಾನ್‌ವಿಲ್ ರಾಜಕುಮಾರನ್ನೇ ಕಳಿಸಿದ, ಬರೀ 21 ವರ್ಷದ ಹುಡುಗ. ಹಡಗಿಗೆ ಕಪ್ಪು ಬಣ್ಣ ಬಳಿದು, ಒಳಗೆ ಕಪ್ಪು ಮಖಮಲ್ ಹೊದಿಸಿದ ಒಂದು ಪ್ರಾರ್ಥನಾ ಕೋಣೆ ಮಾಡಿ, 1840ರ ಜುಲೈ 7ಕ್ಕೆ ತೂಲೋನ್‌ನಿಂದ ಹೊರಟ್ರು.

ಅಕ್ಟೋಬರ್ 15ಕ್ಕೆ ಸಮಾಧಿ ಅಗೆದಿದ್ದು ಬ್ರಿಟಿಷ್ ಸೈನಿಕರು, ಅದಕ್ಕೇ ರಾಜಕುಮಾರ ಅಲ್ಲಿಗೆ ಹೋಗ್ದೆ ಹಡಗಲ್ಲೇ ಉಳ್ಕೊಂಡ. ಒಂದರೊಳಗೊಂದು ಇದ್ದ ಪೆಟ್ಟಿಗೆಗಳನ್ನ ಬಿಚ್ಚಿ ಎರಡೇ ನಿಮಿಷ ತೆರೆದು ನೋಡಿದ್ರೆ, 19 ವರ್ಷ ಆದ್ರೂ ಮುಖ ಗುರುತು ಸಿಗೋ ಹಾಗಿತ್ತು, ಬೂಟಿನ ಹೊಲಿಗೆ ಬಿಟ್ಟು ಕಾಲಿನ ಬೆರಳು ಆಚೆ ಕಾಣ್ತಿತ್ತು. ಯುರೋಪನ್ನೇ ನಡುಗಿಸಿದವನ ಬೂಟು ಅದು, ಇದನ್ನ ಓದಿದಾಗಿಂದ ನನ್ನ ತಲೇಲಿ ಕೂತುಬಿಟ್ಟಿದೆ.

ವಾಪಸ್ ಬರೋ ದಾರಿ ಇನ್ನೂ ರೋಚಕ. ಇವರು ಫ್ರಾನ್ಸ್ ಬಿಟ್ಟಮೇಲೆ ಈಜಿಪ್ಟ್ ವಿಚಾರಕ್ಕೆ ಫ್ರಾನ್ಸ್‌ಗೂ ಬ್ರಿಟನ್‌ಗೂ ಜಗಳ ಜೋರಾಗಿತ್ತು, ನಡುಸಮುದ್ರದಲ್ಲಿ ಎದುರಾದ ಹಡಗಿನವರಿಂದ ಯುದ್ಧ ಆಗ್ಬೋದು ಅಂತ ಸುದ್ದಿ ಸಿಕ್ತು. ಆಗ ರಾಜಕುಮಾರ ಏನ್ಮಾಡ್ದ ಗೊತ್ತಾ, ಗಣ್ಯರಿಗೆ ಅಂತ ಕಟ್ಟಿಸಿದ್ದ ಕ್ಯಾಬಿನ್‌ಗಳನ್ನ ಒಡೆಸಿ, ಕುರ್ಚಿ ಮೇಜು ಎಲ್ಲ ಸಮುದ್ರಕ್ಕೆ ಎಸೆಸಿ, ಅಲ್ಲೆಲ್ಲ ಫಿರಂಗಿ ಇಡಿಸ್ದ! ಒಳಗೆ ಶವಪೆಟ್ಟಿಗೆ, ಸುತ್ತ ಗುಂಡು ಹಾರಿಸೋಕೆ ರೆಡಿ ಇರೋ ಫಿರಂಗಿಗಳು. ಪುಣ್ಯಕ್ಕೆ ಯಾರೂ ಅಡ್ಡ ಬರ್ಲಿಲ್ಲ, ನವೆಂಬರ್ 30ಕ್ಕೆ ಇದೇ ಶೆರ್ಬೂರ್ ಸೇರಿದ್ರು. ಇಲ್ಲಿಂದ ಪೆಟ್ಟಿಗೆನ ಸ್ಟೀಮರ್‌ಗೆ ಹತ್ತಿಸಿ, ಸೇನ್ ನದಿ ಮೇಲೆ ಸಾಗಿಸಿ, ಡಿಸೆಂಬರ್ 15ಕ್ಕೆ ಪ್ಯಾರಿಸ್‌ನ ಇನ್ವಾಲಿಡ್‌ಗೆ, ಅಂದ್ರೆ ಹಳೇ ಸೈನಿಕರಿಗೋಸ್ಕರ ಕಟ್ಟಿದ್ದ ಭವನಕ್ಕೆ ಮುಟ್ಟಿಸಿದ್ರು.

ಆಮೇಲೆ ಬೆಲ್ ಪೂಲ್ ಏನಾಯ್ತು? ಕ್ರಿಮಿಯಾ ಯುದ್ಧದಲ್ಲಿ ಸರಕು ಸಾಗಿಸ್ತು, 1861ರಲ್ಲಿ ನೌಕಾಪಡೆ ಸೇವೆಯಿಂದ ತೆಗೆದು, 1888ರವರೆಗೂ ಸಿಡಿಮದ್ದಿನ ಗೋದಾಮು ಮಾಡ್ಕೊಂಡಿದ್ರು. ಅಂಥಾ ಹಡಗನ್ನ ಹಾಗೇ ಉಳಿಸ್ಕೋಬೇಕಿತ್ತು, ನನಗಂತೂ ತುಂಬಾ ಬೇಜಾರಾಯ್ತು.

ಹೆಸರು ಮಾತ್ರ ಇನ್ನೂ ಇದೆ. 1932ರಲ್ಲಿ ಕಟ್ಟಿದ ಒಂದು ಹಾಯಿ ಹಡಗಿಗೆ ಬೆಲ್ ಪೂಲ್ ಅಂತಾನೇ ಇಟ್ಟಿದಾರೆ, ಫ್ರೆಂಚ್ ನೌಕಾಪಡೆ ಹುಡುಗ್ರು ಇವತ್ತಿಗೂ ಅದ್ರಲ್ಲೇ ಟ್ರೈನಿಂಗ್ ತಗೋತಾರೆ. ಅದು ಇರೋದು ಬ್ರೆಸ್ಟ್‌ನಲ್ಲಿ, ಮುಂದಿನ ವಿಡಿಯೋ ಅಲ್ಲಿಂದಾನೇ.