ಜೀನರ್ ಡಯೋಡ್ ಮತ್ತು ಅದರ ಪಕ್ಕದ ರೆಸಿಸ್ಟರ್

ಕೇಳುಗರಿಗೆ ನಮಸ್ಕಾರ. ವೋಲ್ಟೇಜನ್ನು ಒಂದು ಮಟ್ಟದಲ್ಲಿ ಹಿಡಿದಿಡೋದು ಜೀನರ್ ಡಯೋಡ್ ಅಂತ ಎಲ್ಲರೂ ಹೇಳುತ್ತಾರೆ. ಅದರ ಪಕ್ಕದಲ್ಲಿ ಕರೆಂಟಿಗೆ ಕಡಿವಾಣ ಹಾಕುವ ರೆಸಿಸ್ಟರಿನ ಮಾತೆತ್ತುವವರು ಕಡಿಮೆ. ಅರ್ಧ ಕೆಲಸ ಅದರದ್ದೇ.

ಮೊದಲು ಡಯೋಡ್ ನೋಡೋಣ. ಕಿತ್ತಳೆ ಬಣ್ಣದ ಪುಟ್ಟ ಗಾಜಿನ ಕೊಳವೆ, ಒಂದು ತುದಿಗೆ ಕಪ್ಪು ಪಟ್ಟಿ. ಮಾಮೂಲಿ ಡಯೋಡನ್ನು ಉಲ್ಟಾ ಹಾಕಿದರೆ ಕರೆಂಟ್ ಹರಿಯುವುದಿಲ್ಲ. ಜೀನರನ್ನು ಬೇಕೆಂದೇ ಉಲ್ಟಾ ಹಾಕುತ್ತೇವೆ, ಪಟ್ಟಿಯ ತುದಿ ಪ್ಲಸ್ ಕಡೆಗೆ. ವೋಲ್ಟೇಜ್ ಒಂದು ಮಟ್ಟ ಮುಟ್ಟುವವರೆಗೆ ಅದೂ ಸುಮ್ನೆ ಇರುತ್ತದೆ. ಮುಟ್ಟಿದ ಕೂಡಲೇ ದಾರಿ ಬಿಡುತ್ತದೆ. ಆಮೇಲೆ ಕರೆಂಟ್ ಏರಿಳಿದರೂ ವೋಲ್ಟೇಜ್ ಅಷ್ಟಾಗಿ ಕದಲುವುದಿಲ್ಲ.

ಒಳಗೆ ಏನಾಗುತ್ತದೆ? ಇದರ ಸಿಲಿಕಾನಿಗೆ ಬೇರೆ ಧಾತುಗಳನ್ನು ಧಾರಾಳವಾಗಿ ಬೆರೆಸಿರುತ್ತಾರೆ. ಹಾಗಾಗಿ ಜಂಕ್ಷನ್, ಅಂದರೆ ಎರಡು ಬಗೆಯ ಸಿಲಿಕಾನ್ ಸೇರುವ ಜಾಗ, ತುಂಬಾ ತೆಳು. ಅಲ್ಲಿ ಮೂರು ನಾಲ್ಕು ವೋಲ್ಟ್ ಬಿದ್ದರೂ ವಿದ್ಯುತ್ ಕ್ಷೇತ್ರ ಬಹಳ ತೀವ್ರ. ಎಲೆಕ್ಟ್ರಾನುಗಳು ಅಡ್ಡಗೋಡೆ ಹತ್ತದೆ ಅದರೊಳಗಿಂದಲೇ ತೂರಿ ಬರುತ್ತವೆ. ಕರೆಂಟ್ ಹರಿಯದ ವಸ್ತುಗಳಲ್ಲಿ ಹೀಗಾಗಬಹುದು ಎಂದು 1934ರಲ್ಲಿ ವಿವರಿಸಿದವರು ಅಮೆರಿಕದ ಭೌತವಿಜ್ಞಾನಿ ಕ್ಲಾರೆನ್ಸ್ ಜೀನರ್. ಆದರೆ ಏಳೆಂಟು ವೋಲ್ಟಿಗಿಂತ ಮೇಲಿನ ಜೀನರುಗಳಲ್ಲಿ ನಡೆಯುವುದೇ ಬೇರೆ. ಓಡುವ ಎಲೆಕ್ಟ್ರಾನ್ ಗುದ್ದಿ ಇನ್ನೊಂದನ್ನು ಬಿಡಿಸುತ್ತದೆ, ಅವೆರಡೂ ಮತ್ತೆ ಗುದ್ದುತ್ತವೆ. ಇದಕ್ಕೆ ಅವಲಾಂಚ್ ಎನ್ನುತ್ತಾರೆ. ಬಿಸಿಯಾದಾಗ ಮೊದಲ ಬಗೆಯಲ್ಲಿ ವೋಲ್ಟೇಜ್ ಇಳಿಯುತ್ತದೆ, ಎರಡನೆಯದರಲ್ಲಿ ಏರುತ್ತದೆ. 5.6 ವೋಲ್ಟಿನ ಆಸುಪಾಸಿನಲ್ಲಿ ಎರಡೂ ಸೇರಿ ಒಂದನ್ನೊಂದು ಸರಿದೂಗಿಸುತ್ತವೆ. ಎಷ್ಟು ಚೆಂದ ಅಲ್ವಾ? ಬಿಸಿಗೂ ಚಳಿಗೂ ಜಾಸ್ತಿ ಬದಲಾಗದ ವೋಲ್ಟೇಜ್ ಬೇಕಿದ್ದರೆ ಈ ಜೀನರನ್ನೇ ಆರಿಸಿ.

ಈಗ ರೆಸಿಸ್ಟರಿಗೆ ಬರೋಣ. 12 ವೋಲ್ಟಿನ ಸಪ್ಲೈಗೆ 5.1 ವೋಲ್ಟಿನ ಜೀನರನ್ನು ನೇರವಾಗಿ ಕೊಟ್ಟರೆ ಸುಟ್ಟೇ ಹೋಗುತ್ತದೆ. ನಡುವೆ 220 ಓಮ್ ಹಾಕಿ. ಉಳಿದ 6.9 ವೋಲ್ಟ್ ಅದರ ಪಾಲು. ಹರಿಯುವುದು ಸುಮಾರು 31 ಮಿಲಿಆಂಪ್. ಜೀನರಿನ ಎರಡು ತುದಿಗೆ ಜೋಡಿಸಿದ ನಮ್ಮ ಸರ್ಕ್ಯೂಟ್ ಅದರಲ್ಲಿ 10 ತೆಗೆದುಕೊಂಡರೆ ಉಳಿದ 21 ಜೀನರಿಗೆ. ಸಪ್ಲೈ 15ಕ್ಕೆ ಏರಿತು ಅನ್ನಿ, ಹರಿಯುವುದು 45 ಮಿಲಿಆಂಪ್ ಆಗುತ್ತದೆ. ಏರಿದ ಮೂರು ವೋಲ್ಟನ್ನು ರೆಸಿಸ್ಟರ್ ಹೊತ್ತುಕೊಳ್ಳುತ್ತದೆ, ಜಾಸ್ತಿಯಾದ ಕರೆಂಟನ್ನು ಜೀನರ್ ಎಳೆದುಕೊಳ್ಳುತ್ತದೆ. ಸರ್ಕ್ಯೂಟಿಗೆ ಸಿಗುವುದು ಅದೇ 5.1ರ ಆಸುಪಾಸು.

9 ವೋಲ್ಟಿಗೆ ಇಳಿದರೆ? ಬರುವುದು 18 ಮಿಲಿಆಂಪಿಗೂ ತುಸು ಕಡಿಮೆ. ಸರ್ಕ್ಯೂಟ್ 20 ಕೇಳಿದರೆ ಜೀನರಿಗೆ ಏನೂ ಉಳಿಯುವುದಿಲ್ಲ, ವೋಲ್ಟೇಜ್ ಕುಸಿಯುತ್ತದೆ. ಅದಕ್ಕೇ ರೆಸಿಸ್ಟರಿನ ಓಮ್ ಲೆಕ್ಕವನ್ನು ಸಪ್ಲೈ ತೀರಾ ಇಳಿದಾಗಿನ ಸ್ಥಿತಿಗೆ ಹಾಕಿ. ವ್ಯಾಟಿನ ಲೆಕ್ಕವನ್ನು ಸಪ್ಲೈ ಪೂರ್ತಿ ಏರಿ, ಸರ್ಕ್ಯೂಟ್ ಕಳಚಿಕೊಂಡಾಗಿನ ಸ್ಥಿತಿಗೆ ಹಾಕಿ. ಆಗ 45 ಮಿಲಿಆಂಪೂ ಜೀನರಿನ ಮೇಲೇ. ಅದು ಸುಮಾರು ಕಾಲು ವ್ಯಾಟ್. ರೆಸಿಸ್ಟರಿನಲ್ಲಿ ಅರ್ಧ ವ್ಯಾಟಿನ ಹತ್ತಿರ. ನಾನಾದರೆ ಎರಡನ್ನೂ ಒಂದು ವ್ಯಾಟಿನವೇ ಹಾಕುತ್ತೇನೆ.