ಗಡ್ಡದ ಓತಿಯ ತಟ್ಟೆಯಲ್ಲಿ ಹಣ್ಣಿಗೆಷ್ಟು ಜಾಗ?

ನಮಸ್ಕಾರ. ಮೆಲ್ಬರ್ನಿನ ನಮ್ಮ ಮನೆಯಲ್ಲಿ ಆರು ವರ್ಷಗಳಿಂದ ಒಂದು ಬಿಯರ್ಡೆಡ್ ಡ್ರ್ಯಾಗನ್ ಇದೆ. ನಮ್ಮೂರಿನ ಬೇಲಿಯ ಮೇಲೆ ತಲೆಯಾಡಿಸುತ್ತ ಕೂರುವ ಓತಿಕ್ಯಾತನ ಕುಟುಂಬಕ್ಕೇ ಸೇರಿದ, ಆಸ್ಟ್ರೇಲಿಯಾದ ಒಣ ಒಳನಾಡಿನ ಜೀವಿ ಇದು. ಹೆದರಿದಾಗ ಗಂಟಲ ಕೆಳಗಿನ ಮುಳ್ಳುಮುಳ್ಳಾದ ಚರ್ಮವನ್ನು ಉಬ್ಬಿಸಿ ಕಪ್ಪಗಾಗಿಸಿಕೊಳ್ಳುವುದರಿಂದ ಅದಕ್ಕೆ ಗಡ್ಡದ ಹೆಸರು ಬಂದಿದೆ. ಇದಕ್ಕೆ ಯಾವ ಹಣ್ಣು ಕೊಡಬಹುದೆಂದು ಸಾಕುವವರು ಕೇಳುತ್ತಲೇ ಇರುತ್ತಾರೆ. ಹಣ್ಣು ತಿಂದ ಮೇಲೂ ಅದು ಸೊಪ್ಪು ತಿನ್ನುತ್ತಿದೆಯೇ ಎಂಬುದನ್ನು ಮೊದಲು ನೋಡಬೇಕೆಂಬುದು ನನ್ನ ಅಭಿಪ್ರಾಯ.

ಮನೆಗೆ ಬಂದವರನ್ನು ಬಾಳೆಹಣ್ಣು ಕೊಡದೆ ಕಳಿಸದ ಮನೆಯಲ್ಲಿ ಬೆಳೆದವಳು ನಾನು. ಮೊದಲ ವರ್ಷ ಈ ಪ್ರಾಣಿಗೂ ದಿನಾ ಬೆಳಿಗ್ಗೆ ಬಾಳೆಹಣ್ಣಿನ ಚೂರು ಕೊಟ್ಟೆ. ಅಂಟಂಟಾದ ನಾಲಿಗೆ ಚಾಚಿ ಅದು ನನ್ನ ಬೆರಳ ತುದಿಯಿಂದಲೇ ಚೂರನ್ನು ಎತ್ತಿಕೊಳ್ಳುತ್ತಿತ್ತು. ಮೂರು ವಾರ ಕಳೆಯುವಷ್ಟರಲ್ಲಿ ಸೊಪ್ಪಿನ ತಟ್ಟೆಯನ್ನು ತುಳಿದುಕೊಂಡು ಹೋಗಿ ಹಣ್ಣಿಗಾಗಿ ಗಾಜಿನ ಬಳಿ ಕಾಯತೊಡಗಿತು, ಮಲವೂ ನೀರಾಯಿತು.

ಬಾಳೆಹಣ್ಣು ವಿಷವಲ್ಲ. ಆದರೆ ನೂರು ಗ್ರಾಂ ಬಾಳೆಹಣ್ಣಿನಲ್ಲಿ ಕ್ಯಾಲ್ಸಿಯಂ ಸುಮಾರು 5 ಮಿಲಿಗ್ರಾಂ, ರಂಜಕ ಸುಮಾರು 22 ಮಿಲಿಗ್ರಾಂ. ಈ ಪ್ರಾಣಿಯ ಆಹಾರದಲ್ಲಿ ಕ್ಯಾಲ್ಸಿಯಂ ರಂಜಕದ ಒಂದೂವರೆಯಿಂದ ಎರಡು ಪಟ್ಟು ಇರಬೇಕು. ದಿನವೂ ಈ ಪ್ರಮಾಣ ತಲೆಕೆಳಗಾದರೆ, ರಕ್ತಕ್ಕೆ ಬೇಕಾದ ಕ್ಯಾಲ್ಸಿಯಮ್ಮನ್ನು ದೇಹವು ತನ್ನ ಮೂಳೆಗಳಿಂದಲೇ ಕಿತ್ತುಕೊಳ್ಳುತ್ತದೆ. ದವಡೆ ಮೆತ್ತಗಾಗುತ್ತದೆ, ಕಾಲುಗಳು ನಡುಗುತ್ತವೆ. ಬಿಸಿಲಿನಲ್ಲಿರುವಂಥ ನೇರಳಾತೀತ ಕಿರಣ ಬೀರುವ ಯುವಿಬಿ ದೀಪವಿಲ್ಲದಿದ್ದರೆ ಡಿ3 ಜೀವಸತ್ವ ಸಾಲದೆ, ತಿಂದ ಕ್ಯಾಲ್ಸಿಯಂ ಕೂಡ ಮೈಗೆ ಹತ್ತುವುದಿಲ್ಲ.

ಪರಂಗಿ ಹಣ್ಣಿನಲ್ಲಿ ಈ ಲೆಕ್ಕ ಸರಿಯಾಗಿದೆ: ಕ್ಯಾಲ್ಸಿಯಂ ಸುಮಾರು 20, ರಂಜಕ ಸುಮಾರು 10. ಅಂಜೂರವೂ ಒಳ್ಳೆಯದೇ. ಆದರೂ ಸಕ್ಕರೆ ಸಕ್ಕರೆಯೇ, ಆದ್ದರಿಂದ ಬೆಳೆದ ಪ್ರಾಣಿಗೆ ವಾರಕ್ಕೊಮ್ಮೆ ಎರಡು ಚೂರು ಸಾಕು. ಸಿಪ್ಪೆ, ಬೀಜ ತೆಗೆದಿರಬೇಕು, ಪ್ರತಿ ಚೂರೂ ಅದರ ಎರಡು ಕಣ್ಣುಗಳ ನಡುವಿನ ಅಂತರಕ್ಕಿಂತ ಚಿಕ್ಕದಾಗಿರಬೇಕು. ಕಿತ್ತಳೆ, ಮೋಸಂಬಿಯಂಥ ಹುಳಿ ಹಣ್ಣುಗಳು ಬೇಡ. ಬೆಣ್ಣೆಹಣ್ಣನ್ನಂತೂ ಒಂದು ತುಣುಕೂ ಕೊಡಬಾರದು. ಅದರಲ್ಲಿರುವ ಪರ್ಸಿನ್ ಎಂಬ ವಸ್ತು ಅನೇಕ ಪ್ರಾಣಿಗಳ ಹೃದಯಕ್ಕೆ ಹಾನಿ ಮಾಡುತ್ತದೆ. ಸೊಪ್ಪೆಂದು ಪಾಲಕ್ ಸುರಿಯುವುದೂ ತಪ್ಪು, ಅದರ ಆಕ್ಸಲೇಟ್ ಕ್ಯಾಲ್ಸಿಯಮ್ಮನ್ನು ಹಿಡಿದಿಟ್ಟುಕೊಳ್ಳುತ್ತದೆ.

ನಿಮ್ಮ ಪ್ರಾಣಿಯೂ ಈಗಾಗಲೇ ಸೊಪ್ಪು ಬಿಟ್ಟಿದ್ದರೆ ದಯವಿಟ್ಟು ಮನಸ್ಸು ಕರಗಿಸಿಕೊಂಡು ಮತ್ತೆ ಹಣ್ಣು ಹಿಡಿಯಬೇಡಿ, ಆದರೆ ಅದು ಬಡವಾಗುತ್ತಿದ್ದರೆ ತಡಮಾಡದೆ ಸರೀಸೃಪಗಳನ್ನು ಬಲ್ಲ ಪಶುವೈದ್ಯರಿಗೆ ತೋರಿಸಿ. ನಮ್ಮದು ನಾಲ್ಕು ದಿನ ಹುಳುವನ್ನಷ್ಟೇ ತಿಂದು ತಟ್ಟೆಯ ಕಡೆ ತಿರುಗಿ ನೋಡಲಿಲ್ಲ. ಐದನೆಯ ದಿನ ದಾಸವಾಳದ ಒಂದು ಕೆಂಪು ಎಸಳನ್ನು ಹರಿದು ಡ್ಯಾಂಡಿಲಿಯನ್ ಎಂಬ ಕಳೆಗಿಡದ ಎಲೆಗಳ ಮೇಲೆ ಉದುರಿಸಿದೆ. ಬಹಳ ಹೊತ್ತು ಓರೆಗಣ್ಣಿನಿಂದ ನೋಡಿ, ಎಸಳಿನ ಜೊತೆಗೆ ಒಂದು ಎಲೆಯನ್ನೂ ಬಾಯಿಗೆ ಹಾಕಿಕೊಂಡಿತು.